ದೊಡ್ಡಪ್ಪ ಎಲ್ಲಿಗೆ ಹೋದರು?

ಬೆಳಗ್ಗೆ ಏಳೂವರೆಗೆ ನನ್ನ ಮೊದಲ ಕ್ಲಾಸು. ಹೈದರಾಬಾದಿನ ನಲ್ಲಗಂಡ್ಲದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆ ಹೊತ್ತಿಗೆ ಹಾಲಿನವನು ಬಂದುಹೋಗಿರುತ್ತಾನೆ, ಎದುರುಮನೆಯ ಆಂಟಿ ಇನ್ನೂ ರಂಗೋಲಿ ಹಾಕುತ್ತಿರುತ್ತಾರೆ. ನಾನು ಮೇಲೊಂದು ಇಸ್ತ್ರಿ ಮಾಡಿದ ಅಂಗಿ, ಕೆಳಗೊಂದು ಲುಂಗಿ ತೊಟ್ಟು ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ. ತೈವಾನಿನ ಸಿಂಚು ಎಂಬ ಊರಿನಲ್ಲಿ ಆಗ ಹತ್ತು ಗಂಟೆ. ಚಿಪ್ ತಯಾರಿಕೆಗೆ ಹೆಸರಾದ ಊರು ಅದು. ನಮ್ಮ ಕಂಪನಿಯ ಹೈದರಾಬಾದ್ ತಂಡವೂ ಅಲ್ಲಿನ ತಂಡವೂ ದಿನವಿಡೀ ಇಂಗ್ಲಿಷಿನಲ್ಲೇ ಏಗಬೇಕು. ಎರಡೂ ಕಡೆಯವರ ಇಂಗ್ಲಿಷು ಪರಸ್ಪರ ಅರ್ಥವಾಗುವಂತೆ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು.

ಕೆ.ಆರ್. ನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಐದನೇ ಕ್ಲಾಸಿನವರೆಗೆ ಎಬಿಸಿಡಿಯನ್ನೇ ಕಾಣದ ನಾನು ಚೀನೀ ಮಾತನಾಡುವ ಇಂಜಿನಿಯರುಗಳಿಗೆ ಇಂಗ್ಲಿಷ್ ಹೇಳಿಕೊಡುವುದನ್ನು ಕಂಡರೆ ನನ್ನ ಮೇಷ್ಟ್ರು ನಕ್ಕಾರು. ಇರಲಿ.

ಎರಡು ವರ್ಷದ ಹಿಂದಿನ ಮಾತು. ಹೊಸ ಬ್ಯಾಚು, ಮೊದಲ ದಿನ. ಮನೆಯವರ ಬಗ್ಗೆ ನಾಲ್ಕು ಮಾತು ಹೇಳಿ ಎಂದಿದ್ದೆ. ಒಬ್ಬ ಹುಡುಗಿ ತನ್ನ ತಾತನ ಬಗ್ಗೆ ಶುರು ಮಾಡಿದಳು. ತಾತನೇ ತನ್ನನ್ನು ಬೆಳೆಸಿದ್ದು, ಈಗ ತಾತ ‘ಡೆ...’ ಎಂದಳು. ಆ ‘ಡೆ’ಯ ಮುಂದೆ ಏನೋ ಒಂದು ಚೂರು ಗಾಳಿ. ನನಗೆ ಕೇಳಿಸಿದ್ದು ‘ಡೆಡ್’. ತಕ್ಷಣ ಮುಖ ಸಪ್ಪೆ ಮಾಡಿಕೊಂಡು, ತುಂಬಾ ದುಃಖವಾಯಿತು, ಅವರ ಆತ್ಮಕ್ಕೆ ಶಾಂತಿ ಸಿಗಲಿ ಎಂದೆಲ್ಲ ಹೇಳಿಬಿಟ್ಟೆ. ಆಕೆ ಪಿಳಿಪಿಳಿ ನೋಡಿದಳು. ಮೆಲ್ಲಗೆ ತಿರುಗಿ ಪಕ್ಕದ ಕೋಣೆಯತ್ತ ಒಮ್ಮೆ ನೋಡಿದಳು. ಆಮೇಲೆ, “ಇಲ್ಲ ಸರ್, ಅವರು ನೂಡಲ್ಸ್ ತಿನ್ನುತ್ತಿದ್ದಾರೆ” ಎಂದಳು.

ತಾತ ಸತ್ತಿರಲಿಲ್ಲ, ಕಿವುಡರಾಗಿದ್ದರು. ಅವಳು ಹೇಳಿದ್ದು ‘ಡೆಫ್’.

ನಗೆಪಾಟಲಾದದ್ದು ನಾನೇ. ಆದರೆ ಮೇಷ್ಟ್ರ ತಲೆಗೆ ಕೆಲಸ ಸಿಕ್ಕಿತು. ಡೆಡ್, ಡೆತ್, ಡೆಫ್: ಮೂರು ಪದ, ಮೂರಕ್ಕೂ ಮೊದಲರ್ಧ ಒಂದೇ. ಎಲ್ಲ ಜೀವವೂ ಕೊನೆಯ ಒಂದು ವ್ಯಂಜನದಲ್ಲಿದೆ. ಚೀನಾ ಮತ್ತು ತೈವಾನಿನಲ್ಲಿ ಶಾಲೆಗಳಲ್ಲಿ ಕಲಿಸುವ ಮ್ಯಾಂಡರಿನ್ ಭಾಷೆಯಲ್ಲಿ ಪದದ ತುಂಡು ಮುಗಿಯುವುದು ಸ್ವರದಲ್ಲಿ, ಇಲ್ಲವಾದರೆ ‘ನ್’ ಅಥವಾ ‘ಂಗ್’ ಎಂಬ ಮೂಗಿನ ಸದ್ದಿನಲ್ಲಿ. ಬೀಜಿಂಗ್ ಕಡೆಯವರು ಒಂದು ‘ರ್’ ಸೇರಿಸಿಕೊಳ್ಳುತ್ತಾರೆ, ಅಷ್ಟೇ. ಕೊನೆಯಲ್ಲಿ ‘ಡ್’ ಇಲ್ಲ, ‘ಫ್’ ಇಲ್ಲ, ‘ತ್’ ಇಲ್ಲವೇ ಇಲ್ಲ. ಆದ್ದರಿಂದ ಆ ಜಾಗಕ್ಕೆ ಬಂದಾಗ ಅವರ ನಾಲಗೆ ಬಾಗಿಲು ಮುಚ್ಚಿದ ಅಂಗಡಿಯ ಮುಂದೆ ನಿಂತ ಗಿರಾಕಿಯಂತೆ ನಿಂತುಬಿಡುತ್ತದೆ.

ನಾವೇನು ಕಡಿಮೆ? ಕನ್ನಡದ ಪದಗಳೂ ಸ್ವರದಲ್ಲೇ ಮುಗಿಯಬೇಕು. ನಾವು ಬಾಗಿಲು ಮುಚ್ಚಿದ್ದರೆ ಒಂದು ‘ಉ’ಕಾರದ ಒದೆ ಕೊಟ್ಟು ತೆಗೆಯುತ್ತೇವೆ: ಬಸ್ಸು, ಕಾರು, ಡೆಡ್ಡು, ಡೆತ್ತು, ಡೆಫ್ಫು. ತೆಲುಗರದ್ದೂ ಇದೇ ಕಥೆ. ಹಾಗೆ ಮಾಡುವುದರಿಂದ ನಮ್ಮ ಇಂಗ್ಲಿಷು ಹಳ್ಳಿ ವಾಸನೆ ಹೊಡೆಯುತ್ತದೆ ಎಂದು ನಗುವವರಿದ್ದಾರೆ. ಆದರೆ ನಮ್ಮ ಡೆಡ್ಡು, ಡೆಫ್ಫುಗಳನ್ನು ಯಾರೂ ಅದಲುಬದಲು ಮಾಡಿಕೊಳ್ಳುವುದಿಲ್ಲ. ಬದುಕಿರುವ ತಾತನನ್ನು ನಾವು ಸಾಯಿಸುವುದಿಲ್ಲ.

ಮುಂದಿನ ವಾರ ಪೂರ್ತಿ ಆ ಮೂರು ಪದಗಳದ್ದೇ ಕಸರತ್ತು. ‘ಫ್’ಗೆ ಮೇಲಿನ ಹಲ್ಲು ಕೆಳತುಟಿಯ ಮೇಲೆ, ‘ತ್’ಗೆ ನಾಲಗೆಯ ತುದಿ ಹಲ್ಲುಗಳ ನಡುವೆ ಇಣುಕಬೇಕು, ನಮ್ಮ ‘ತ’ಕಾರದ ಹಾಗೆ ಹಲ್ಲಿನ ಹಿಂದೆ ಬಡಿಯಬಾರದು. ಕನ್ನಡಿ ಹಿಡಿದುಕೊಳ್ಳಿ ಎಂದೆ. ಇನ್ನೊಂದು ಗುಟ್ಟನ್ನೂ ಹೇಳಿದೆ. ಇಂಗ್ಲಿಷಿನವರು ಡೆಡ್ ಎನ್ನುವಾಗ ನಡುವಿನ ‘ಎ’ಯನ್ನು ಕೊಂಚ ಎಳೆಯುತ್ತಾರೆ, ಡೆಫ್ ಮತ್ತು ಡೆತ್ ಎನ್ನುವಾಗ ಚುಟುಕಾಗಿ ಬಿಡುತ್ತಾರೆ. ಕೊನೆಯ ಸದ್ದು ಕೇಳಿಸದಿದ್ದರೂ ಆ ಉದ್ದಗಿಡ್ಡದಿಂದಲೇ ಅರ್ಧ ಗೊತ್ತಾಗುತ್ತದೆ. ಇದನ್ನೆಲ್ಲ ನಾನು ಕಲಿತದ್ದು ಇದೇ ಊರಿನಲ್ಲಿ, ತಾರ್ನಾಕದ ಹತ್ತಿರ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಕ್ಕದಲ್ಲಿರುವ ಇಫ್ಲೂನಲ್ಲಿ.

ಇಫ್ಲೂ ಎಂದರೆ ಇಂದಿನವರಿಗೆ ಗೊತ್ತು. ಹಳಬರಿಗೆ ಅದು ಸೀಫೆಲ್. 1958ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಎಂಬ ಹೆಸರಿನಲ್ಲಿ ಶುರುವಾದ ಸಂಸ್ಥೆ, 1972ರಲ್ಲಿ ವಿದೇಶಿ ಭಾಷೆಗಳನ್ನೂ ಸೇರಿಸಿಕೊಂಡಿತು, 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಅದರ ಆರಂಭದ ವರ್ಷಗಳಲ್ಲಿ ನಿರ್ದೇಶಕರಾಗಿದ್ದವರು ನಮ್ಮ ವಿ.ಕೃ. ಗೋಕಾಕರು ಎಂಬುದು ಹೈದರಾಬಾದಿನ ಕನ್ನಡಿಗರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮುಂದೆ ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಮಣೆ ಹಾಕಿಸಿದ ವರದಿಗೆ ಯಾರ ಹೆಸರು ಬಂತೋ ಅದೇ ಮನುಷ್ಯ, ಇಲ್ಲಿ ಕೂತು ದೇಶದ ಮೇಷ್ಟ್ರುಗಳಿಗೆ ಇಂಗ್ಲಿಷ್ ಹೇಗೆ ಕಲಿಸಬೇಕೆಂದು ಕಲಿಸುತ್ತಿದ್ದರು. ಎರಡೂ ಕೆಲಸಕ್ಕೆ ವಿರೋಧ ಇದೆ ಎಂದು ನನಗಂತೂ ಅನ್ನಿಸಿಲ್ಲ.

ಉಚ್ಚಾರಣೆ ಮುಗಿಸಿ ನುಡಿಗಟ್ಟುಗಳಿಗೆ ಬಂದೆವು. ಸಾವಿನ ಬಗ್ಗೆ ಇಂಗ್ಲಿಷಿನಲ್ಲಿ ಎಷ್ಟು ಬಗೆ ಇದೆ ಎಂದು ಪಟ್ಟಿ ಕೊಟ್ಟಿದ್ದೆ. ಮರುವಾರವೇ ಒಬ್ಬ ಹುಡುಗ ಅಮೆರಿಕದ ಗ್ರಾಹಕರೊಬ್ಬರಿಗೆ ಸಂತಾಪದ ಮೇಲ್ ಬರೆದು, ಕಳಿಸುವ ಮುಂಚೆ ನನಗೆ ತೋರಿಸಿದ. ಪುಣ್ಯಾತ್ಮ ತೋರಿಸಿದ್ದೇ ಉಪಕಾರ. ‘ನಿಮ್ಮ ತಂದೆ ಕಿಕ್ ದ ಬಕೆಟ್ ಮಾಡಿದ ಸುದ್ದಿ ತಿಳಿದು ವಿಷಾದವಾಯಿತು’ ಎಂದಿತ್ತು. ನಮ್ಮಲ್ಲಿ, ‘ತಮ್ಮ ಪೂಜ್ಯ ತೀರ್ಥರೂಪರು ಗೊಟಕ್ ಅಂದರೆಂದು ಕೇಳಿ ದುಃಖವಾಯಿತು’ ಎಂದು ಕಾಗದ ಬರೆದರೆ ಹೇಗಿರುತ್ತದೋ ಹಾಗೆ. ಬಕೆಟ್ ಒದೆಯುವುದು ಗೆಳೆಯರ ಹರಟೆಯ ಮಾತು, ಸಾವಿನ ಮನೆಯದ್ದಲ್ಲ ಎಂದು ವಿವರಿಸಿದೆ. ಕರ್ನಾಟಕದಲ್ಲಿ ಬಕೆಟ್ ಒದೆಯುವವರಿಗಿಂತ ಹಿಡಿಯುವವರು ಜಾಸ್ತಿ, ಅದಕ್ಕೆ ಬೇರೆಯೇ ಅರ್ಥ ಎಂದೂ ಹೇಳಿದೆ. ಬಾಸನ್ನು ಓಲೈಸುವುದು ಎಂದಾಗ ಎಲ್ಲರೂ ಒಟ್ಟಿಗೆ ನಕ್ಕರು. ಈ ರೋಗಕ್ಕೆ ಅವರ ಭಾಷೆಯಲ್ಲೂ ಹೆಸರಿದ್ದಿರಬೇಕು.

ಅವರಿಗೆ ಬಹಳ ಹಿಡಿಸಿದ್ದು ‘ಡೆಡ್‌ಲೈನ್’ ಕಥೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್ ಎಂಬಲ್ಲಿ ಯುದ್ಧಕೈದಿಗಳ ಒಂದು ಸೆರೆಮನೆಯಿತ್ತು. ಹೊರಗೋಡೆಯ ಒಳಬದಿಯಲ್ಲಿ ಒಂದು ಮರದ ಕಟಕಟೆ. ಅದನ್ನು ದಾಟಿದವನಿಗೆ ಕಾವಲುಗಾರ ಗುಂಡಿಕ್ಕಬಹುದಿತ್ತು. ಆ ಗೆರೆಯ ಹೆಸರೇ ಡೆಡ್‌ಲೈನ್. ಅದೇ ಪದ ಆಮೇಲೆ ಪತ್ರಿಕಾ ಕಚೇರಿಗಳಿಗೆ ಬಂದು, ಅಲ್ಲಿಂದ ನಮ್ಮ ಮ್ಯಾನೇಜರುಗಳ ಬಾಯಿಗೆ ಬಂತು. “ಈಗಲೂ ಅರ್ಥ ಬದಲಾಗಿಲ್ಲ” ಎಂದ ಒಬ್ಬ. ಆ ಶುಕ್ರವಾರ ಅವರ ತಂಡಕ್ಕೊಂದು ಡೆಡ್‌ಲೈನ್ ಇತ್ತು.

ಸಾವನ್ನು ಬರೀ ಒತ್ತು ಕೊಡುವುದಕ್ಕೆ ಬಳಸುವುದರಲ್ಲಿ ನಾವೆಲ್ಲ ಒಂದೇ. ಇಂಗ್ಲಿಷಿನಲ್ಲಿ ಡೆಡ್ ಟೈರ್ಡ್, ಕನ್ನಡದಲ್ಲಿ ಸುಸ್ತಾಗಿ ಸತ್ತೋದೆ, ಮ್ಯಾಂಡರಿನ್ನಿನಲ್ಲಿ ‘ಲೇ ಸ್ಸ ಲ’, ದಣಿದು ಸತ್ತೆ ಅಂತಲೇ. ಹಸಿದರೂ ಸಾಯುತ್ತೇವೆ, ನಕ್ಕರೂ ಸಾಯುತ್ತೇವೆ. ಕಂಪ್ಯೂಟರ್ ನಿಂತುಹೋದರೆ ಅವರು ‘ಸತ್ತ ಯಂತ್ರ’ ಎನ್ನುತ್ತಾರಂತೆ. ಆದರೆ ನಾಲ್ಕು ಎಂಬ ಅಂಕೆಯನ್ನು ಕಂಡರೆ ಮಾತ್ರ ಅವರಿಗೆ ಭಯ. ನಾಲ್ಕು ಮತ್ತು ಸಾವು ಎರಡಕ್ಕೂ ಸದ್ದು ಒಂದೇ, ರಾಗ ಮಾತ್ರ ಬೇರೆ. ಎಷ್ಟೋ ಆಸ್ಪತ್ರೆಗಳ ಲಿಫ್ಟಿನಲ್ಲಿ ಮೂರಾದ ಮೇಲೆ ಐದು. ಗಡಿಯಾರವನ್ನು ಉಡುಗೊರೆ ಕೊಡಬಾರದು. ‘ಗಡಿಯಾರ ಕೊಡು’ ಎನ್ನುವುದೂ ಸಾಯುವವರ ಕೊನೆಯ ಹೊತ್ತಿನಲ್ಲಿ ಜತೆಗಿದ್ದು ಕಳಿಸಿಕೊಡುವುದಕ್ಕೆ ಹೇಳುವ ಮಾತೂ ಕಿವಿಗೆ ಒಂದೇ. ನಾನು ನಮ್ಮಮ್ಮನ ಕಾನೂನು ಹೇಳಿದೆ: ಮನೆ ಬಿಡುವಾಗ ‘ಹೋಗ್ತೀನಿ’ ಅನ್ನಕೂಡದು, ‘ಬರ್ತೀನಿ’ ಅನ್ನಬೇಕು. ಹೈದರಾಬಾದಿನ ತೆಲುಗರೂ ‘ವೆಳ್ಳೊಸ್ತಾ’ ಎನ್ನುತ್ತಾರೆ, ಹೋಗಿ ಬರುತ್ತೇನೆ ಎಂದು. ಬರಿದೇ ಹೋಗುವವರು ಬೇರೆ.

ಇದನ್ನು ಕೇಳಿ ತಾತನ ಮೊಮ್ಮಗಳು, “ನಮ್ಮಲ್ಲೂ ‘ಝೌ ಲ’ ಎನ್ನುತ್ತಾರೆ ಸರ್. ‘ಹೋದರು’ ಎಂದರ್ಥ. ಆಫೀಸಿನಿಂದ ಹೋದರು ಎನ್ನುವುದಕ್ಕೂ ಅದೇ, ತೀರಿಹೋದರು ಎನ್ನುವುದಕ್ಕೂ ಅದೇ” ಎಂದಳು. ಗೊಂದಲ ಆಗುವುದಿಲ್ಲವೇ ಎಂದು ಕೇಳಿದೆ. “ಹೇಳುವವರ ಮುಖ ನೋಡಿದರೆ ಗೊತ್ತಾಗುತ್ತದಲ್ಲ” ಎಂದಳು. ಮುಖ ಕಾಣದಿದ್ದರೆ ಎಂದು ನಾನು ಕೇಳಲಿಲ್ಲ. ಆಗ ಅದು ಹೊಳೆಯಲಿಲ್ಲ.

ಕಿವುಡಿನ ಪಾಠ ಇನ್ನೂ ಸೊಗಸಾಗಿ ಹೋಯಿತು. ‘ಫಾಲ್ ಆನ್ ಡೆಫ್ ಇಯರ್ಸ್’, ಅಂದರೆ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ‘ಟರ್ನ್ ಎ ಡೆಫ್ ಇಯರ್’, ಅಂದರೆ ಕೇಳಿಸಿದರೂ ಕೇಳಿಸದ ಹಾಗೆ ಇದ್ದುಬಿಡುವುದು. ಇದಕ್ಕೆ ಕನ್ನಡದಲ್ಲಿರುವಷ್ಟು ಮುದ್ದಾದ ಪದ ಇಂಗ್ಲಿಷಿನಲ್ಲಿ ಇಲ್ಲ: ಜಾಣಕಿವುಡು. ಚೀನೀಯರು ‘ಕಿವುಡನ ವೇಷ, ಮೂಗನ ನಟನೆ’ ಎನ್ನುತ್ತಾರೆ. ನಾನು, ನಮ್ಮಲ್ಲಿ ಕೋಣನ ಮುಂದೆ ಕಿನ್ನರಿ ಬಾರಿಸುವುದು ಎಂಬ ಗಾದೆ ಇದೆ ಎಂದು ಹೇಳುವಷ್ಟರಲ್ಲಿ ಇಡೀ ಕ್ಲಾಸು ಕಿರುಚಿತು. ಅವರಲ್ಲೂ ಅದೇ ಗಾದೆ! ಕೋಣದ ಬದಲು ಎತ್ತು, ಕಿನ್ನರಿಯ ಬದಲು ಚಿನ್ ಎಂಬ ತಂತಿವಾದ್ಯ. ಹೈದರಾಬಾದಿನಲ್ಲಿ ಮಾತ್ರ ಕೋಣ ಎತ್ತುಗಳ ತಂಟೆಗೆ ಹೋಗದೆ ‘ಚೆವಿಟಿವಾಡಿ ಮುಂದು ಶಂಖಂ’ ಊದುತ್ತಾರೆ, ಕಿವುಡನ ಮುಂದೆ ಶಂಖ. ನಮ್ಮ ‘ಕಿವಿ’ ತೆಲುಗಿನಲ್ಲಿ ‘ಚೆವಿ’ ಆದದ್ದರಿಂದ ನಮ್ಮ ಕಿವುಡ ಅಲ್ಲಿ ಚೆವಿಟಿವಾಡು. ಕೈ ಚೆಯ್ಯಿ ಆದ ಹಾಗೆ. ಇಲ್ಲಿಗೆ ಬಂದ ಹೊಸತರಲ್ಲಿ ಈ ‘ಕ’-‘ಚ’ ಗುಟ್ಟು ತಿಳಿದ ದಿನ ನನ್ನ ತೆಲುಗು ಅರ್ಧ ಸಲೀಸಾಯಿತು.

ಕಿವುಡು ಎಂಬುದಕ್ಕೆ ಅವರ ಅಕ್ಷರವನ್ನು ಆ ಹುಡುಗಿ ಪರದೆಯ ಮೇಲೆ ಬರೆದು ತೋರಿಸಿದಳು. ಮೇಲೆ ಡ್ರ್ಯಾಗನ್, ಕೆಳಗೆ ಕಿವಿ. ಡ್ರ್ಯಾಗನ್ ಬರೀ ಉಚ್ಚಾರಣೆ ಸೂಚಿಸುವುದಕ್ಕೆ ಬಂದದ್ದು, ಎರಡಕ್ಕೂ ‘ಲೋಂಗ್’ ಎಂದೇ ಹೇಳುವುದು ಎಂದಳು. ನನಗೇನೋ ಕಿವಿಯ ಮೇಲೆ ಒಂದು ದೊಡ್ಡ ಪ್ರಾಣಿ ಕೂತಿರುವಂತೆಯೇ ಕಂಡಿತು. ಅವಳ ತಾತ ಹೇಳುವ ಒಂದು ಹಳೆಯ ಗಾದೆಯೂ ಇತ್ತು: ಸ್ವಲ್ಪ ಪೆದ್ದ, ಸ್ವಲ್ಪ ಕಿವುಡ ಆಗದವನು ಮನೆಯ ಯಜಮಾನ ಆಗಲಾರ. ಸೊಸೆಯಂದಿರಿರುವ ಮನೆಯ ಗಾದೆ ಇರಬೇಕು.

ನುಡಿಗಟ್ಟು ಬೇರೆ, ಮನುಷ್ಯರು ಬೇರೆ. ಕಿವಿ ಕೇಳಿಸದವರನ್ನು ಮರ್ಯಾದೆಯಿಂದ ಏನೆಂದು ಕರೆಯಬೇಕು ಎಂದು ಒಬ್ಬರು ಕೇಳಿದರು. ‘ಹಿಯರಿಂಗ್ ಇಂಪೇರ್ಡ್’ ಎಂದುಬಿಟ್ಟೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಮ್ಮ ಟೆಸ್ಟಿಂಗ್ ತಂಡದ ಒಬ್ಬ ಹುಡುಗನಿಗೆ ಈ ಪ್ರಸಂಗ ಹೇಳಿದೆ. ಅವನಿಗೆ ಹುಟ್ಟಿನಿಂದ ಕಿವಿ ಕೇಳಿಸದು, ನಾವು ಮೊಬೈಲಿನಲ್ಲಿ ಬರೆದು ಮಾತಾಡುತ್ತೇವೆ. ಓದಿದವನೇ ತಲೆ ಅಲ್ಲಾಡಿಸಿ, ‘ಇಂಪೇರ್ಡ್ ಅಂದರೆ ಕೆಟ್ಟುಹೋದ ಸಾಮಾನು. ನಾನು ಡೆಫ್. ಅಷ್ಟೇ ಬರಿ’ ಎಂದು ಟೈಪ್ ಮಾಡಿದ. ಸನ್ನೆಭಾಷೆಯಲ್ಲಿ ಬೆಳೆದವರು ಹಾಗೆ ಹೇಳಿಕೊಳ್ಳುವುದೇ ಜಾಸ್ತಿ. 2009ರಲ್ಲಿ ತೈಪೆಯಲ್ಲಿ ನಡೆದ ಅವರ ಒಲಿಂಪಿಕ್ಸಿನ ಹೆಸರೂ ಡೆಫ್‌ಲಿಂಪಿಕ್ಸ್. ಮರುದಿನ ಕ್ಲಾಸಿನಲ್ಲಿ ನನ್ನ ಉತ್ತರ ತಿದ್ದಿಕೊಂಡೆ. ಕನ್ನಡದಲ್ಲಿ ಏನು ಹೇಳುವುದು? ‘ಕಿವುಡ’ ಬೈಗುಳವಾಗಿಬಿಟ್ಟಿದೆ, ‘ಶ್ರವಣದೋಷವುಳ್ಳವರು’ ಸರ್ಕಾರಿ ಅರ್ಜಿಯ ವಾಸನೆ ಹೊಡೆಯುತ್ತದೆ. ನಮ್ಮೂರಲ್ಲಿ ‘ಅವರಿಗೆ ಕಿವಿ ಸ್ವಲ್ಪ ದೂರ’ ಎನ್ನುತ್ತಾರೆ. ನನಗೆ ಅದೇ ಚೆಂದ.

ನಮ್ಮಪ್ಪನಿಗೂ ಕಿವಿ ಸ್ವಲ್ಪ ದೂರ. ಅಮ್ಮ ಹೋದ ಮೇಲೆ ಊರಲ್ಲಿ ಒಬ್ಬರೇ ಇದ್ದಾರೆ, ಹೈದರಾಬಾದಿಗೆ ಬಾ ಎಂದರೆ ‘ಆ ಊರಲ್ಲಿ ಯಾರ ಜೊತೆ ಮಾತಾಡ್ಲಿ’ ಎನ್ನುತ್ತಾರೆ. ಕೇಳಿಸದವರಿಗೆ ಮಾತಿನ ಚಿಂತೆ ಯಾಕೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ಭಾನುವಾರ ಫೋನ್ ಮಾಡಿದರೆ ನಾನು ಒಂದು ಕೇಳುವುದು, ಅವರು ಇನ್ನೊಂದು ಹೇಳುವುದು. ಊಟ ಆಯ್ತಾ ಎಂದರೆ, ಇಲ್ಲೂ ಮೋಡ ಆಗಿದೆ ಎನ್ನುತ್ತಾರೆ. ಹೆಂಗೋ ದನಿ ಕೇಳಿದರೆ ಸಾಕು ಎಂದು ಇಬ್ಬರೂ ಸುಮ್ಮನಿದ್ದೆವು. ಈ ಅಂಕಣ ಓದುವ ನಿಮ್ಮಲ್ಲಿ ಎಷ್ಟೋ ಜನರ ಭಾನುವಾರದ ಫೋನೂ ಹೀಗೇ ಇರಬಹುದು.

ಕಳೆದ ವರ್ಷ ಆಷಾಢದಲ್ಲಿ ಒಂದು ಬೆಳಗ್ಗೆ ಐದು ಗಂಟೆಗೆ ಬೆಂಗಳೂರಿನಿಂದ ದೊಡ್ಡಪ್ಪನ ಮಗನ ಫೋನು. ನಾಲ್ಕೂವರೆಗೆ ದೊಡ್ಡಪ್ಪ ಹೋಗಿಬಿಟ್ಟರು, ನಿದ್ದೆಯಲ್ಲೇ. ಆಂಬುಲೆನ್ಸ್ ಆರಕ್ಕೆ ಬಿಡುತ್ತದೆ, ಹತ್ತು ಗಂಟೆಯೊಳಗೆ ಊರು ಸೇರುತ್ತದೆ. “ಚಿಕ್ಕಪ್ಪನಿಗೆ ನೀನೇ ಹೇಳ್ಬೇಕು ಕಣೋ, ನಮ್ಮ ಮಾತು ಅವ್ರಿಗೆ ಕೇಳ್ಸಲ್ಲ” ಎಂದ. ಅಪ್ಪನಿಗೂ ದೊಡ್ಡಪ್ಪನಿಗೂ ಎರಡೇ ವರ್ಷದ ಅಂತರ. ಒಂದೇ ಎತ್ತಿನಗಾಡಿಯಲ್ಲಿ ಬೆಳೆದವರು. ಏನೂ ಗೊತ್ತಿಲ್ಲದೆ ಬಾಗಿಲು ತೆಗೆದು ಆಂಬುಲೆನ್ಸ್ ನೋಡುವ ಹಾಗಾಗಬಾರದು. ಪಕ್ಕದ ಮನೆಯವರಿಗೆ ಮಾಡಿದೆ, ಎತ್ತಲಿಲ್ಲ. ಡೇರಿಗೆ ಹಾಲು ಹಾಕುವ ಹೊತ್ತು. ಕೊನೆಗೆ ಅಪ್ಪನಿಗೇ ಮಾಡಿದೆ. ರಿಂಗ್ ಕೇಳಿಸದಿದ್ದರೂ ಪರದೆಯ ಬೆಳಕು ಕಂಡರೆ ಎತ್ತುತ್ತಾರೆ.

“ಅಪ್ಪಾ, ದೊಡ್ಡಪ್ಪ ಹೋಗ್ಬಿಟ್ರು” ಎಂದೆ.

“ಅಣ್ಣಯ್ಯನಾ? ಎಲ್ಲಿಗ್ ಹೋದ ಇಷ್ಟೊತ್ನಲ್ಲಿ?”

ಆ ‘ಹೋಗಿಬಿಟ್ಟರು’ ಅವರಿಗೆ ಸರಿಯಾಗಿಯೇ ಕೇಳಿಸಿತ್ತು. ಆದರೆ ದನಿ ಕುಗ್ಗಿದ್ದು, ಗಂಟಲು ಕಟ್ಟಿದ್ದು ಕೇಳಿಸಿರಲಿಲ್ಲ. ಮುಖವಂತೂ ಕಾಣುತ್ತಿರಲಿಲ್ಲ. ಉಳಿದದ್ದು ಬರೀ ಪದ.

“ಇಲ್ಲಪ್ಪಾ, ತೀರ್ಕೊಂಡ್ರು. ತೀರ್ಕೊಂಡ್ರು.”

“ತೀರ್ಸ್ಕೊಂಡ್ನಾ? ಸೊಸೈಟಿ ಸಾಲನಾ? ಒಳ್ಳೇದಾಯ್ತು ಬಿಡು.”

ದೊಡ್ಡಪ್ಪನಿಗೆ ಸೊಸೈಟಿ ಸಾಲ ಇತ್ತು, ನಿಜ. ನಾನು ಬಾಲ್ಕನಿಗೆ ಬಂದೆ. ಕತ್ತಲು ಇನ್ನೂ ಪೂರ್ತಿ ಹರಿದಿರಲಿಲ್ಲ. ದೊಡ್ಡವರ ವಿಷಯದಲ್ಲಿ ನಾಲಗೆ ಮೇಲೆ ತರಬಾರದ ಪದವನ್ನೇ, ಅಷ್ಟೂ ಗಂಟಲು ಹರಿದುಕೊಂಡು ಕೂಗಿದೆ. “ಸತ್ತೋದ್ರು ಅಪ್ಪಾ! ದೊಡ್ಡಪ್ಪ ಸತ್ರು!”

“ಅತ್ನಾ? ಯಾಕತ್ತ? ಮಗ ಏನಾದ್ರೂ ಅಂದ್ನಾ?”

ಮೂರು ಸಲ ಕೂಗಿದೆ, ಮೂರು ಸಲವೂ ‘ಅತ್ತ’ ಎಂದೇ ಕೇಳಿಸಿತು. ಆ ಕಡೆ ಅಪ್ಪನ ದನಿಯೂ ಏರಿತು. ‘ಯಾಕತ್ತ ಹೇಳೋ, ಯಾಕತ್ತ’ ಎಂದು ಕೂಗುವುದು ಪಕ್ಕದ ಮನೆಯ ಹುಡುಗಿಗೆ ಕೇಳಿಸಿ ಓಡಿಬಂದಳು. ಎಸ್ಸೆಸ್ಸೆಲ್ಸಿ ಓದುವ ಹುಡುಗಿ. ಫೋನ್ ತೆಗೆದುಕೊಂಡು “ಏನಣ್ಣಾ?” ಎಂದಳು. ಹೇಳಿದೆ. ಒಂದು ಗಳಿಗೆ ಸುಮ್ಮನಾದಳು. “ಬರ್ದು ತೋರಿಸ್ಲಾ?” ಎಂದಳು. ಹೂಂ ಎಂದೆ.

ಫೋನು ಕಟ್ ಆಗಲಿಲ್ಲ. ಜಗಲಿಯ ಮೇಲೆ ಇಟ್ಟಿರಬೇಕು. ಕೋಳಿ ಕೂಗಿತು. ಎಲ್ಲೋ ಬೈಕು ಹೋಯಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಇಂಗ್ಲಿಷಿನಲ್ಲಿ ‘ಡೆಫನಿಂಗ್ ಸೈಲೆನ್ಸ್’ ಎಂಬುದನ್ನು ನಾನೇ ಕ್ಲಾಸಿನಲ್ಲಿ ಕಲಿಸಿದ್ದೆ, ಕಿವಿಗಡಚಿಕ್ಕುವ ಮೌನ ಎಂದು. ಆ ಹೊತ್ತಿಗೆ ಅದು ನೆನಪಾಗಲಿಲ್ಲ. ಕೊನೆಗೆ ಅಪ್ಪನ ದನಿ, ದೂರದಿಂದ, ಮೆಲ್ಲಗೆ: “ಎಷ್ಟೊತ್ತಿಗೆ ತತ್ತಾರಂತೆ?”

ಹುಡುಗಿ ತನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದದ್ದು ಎರಡೇ ಮಾತು: ‘ನಿಮ್ಮಣ್ಣಯ್ಯ ಇನ್ನಿಲ್ಲ’. ಆಮೇಲೆ ಊರಲ್ಲಿ ಸಿಕ್ಕಾಗ ಹಾಗೇ ಬರೆಯಬೇಕೆಂದು ಹೇಗೆ ಹೊಳೆಯಿತಮ್ಮಾ ಎಂದು ಕೇಳಿದೆ. “ತಾತ ದಿನಾ ಪೇಪರ್ ಓದ್ತಾರಲ್ಲಣ್ಣ, ಅದ್ರಲ್ಲಿ ಹಂಗೇ ಹಾಕಿರ್ತಾರೆ” ಎಂದಳು. ಇಂಗ್ಲಿಷ್ ಎಂಎ ಮಾಡಿ, ಇಫ್ಲೂನಲ್ಲಿ ಡಿಪ್ಲೊಮಾ ಮಾಡಿದ ನನಗೆ ಹೊಳೆದಿರಲಿಲ್ಲ.

ಇತ್ತ ಬಾಲ್ಕನಿಯಲ್ಲಿ ನಾನು ಕೂಗಿದ್ದಕ್ಕೆ ಎದುರುಮನೆಯ ಆಂಟಿ ಬಾಗಿಲು ತೆಗೆದು ಬಂದಿದ್ದರು. ‘ಏಮಯಿಂದಿ ಬಾಬು?’ ಎಂದರು. ‘ಮಾ ಪೆದನಾನ್ನ ಪೋಯಾರು’ ಎಂದೆ. ನಮ್ಮ ದೊಡ್ಡಪ್ಪ ಹೋದರು ಎಂದು. ಅವರು ಎಲ್ಲಿಗೆ ಎಂದು ಕೇಳಲಿಲ್ಲ. ಒಳಗೆ ಹೋಗಿ ಒಂದು ಲೋಟ ಕಾಫಿ ತಂದು ಕೈಗಿಟ್ಟು, ಕುಡಿದು ಹೊರಡು ಎಂದರು.

ಆಫೀಸಿಗೆ ಶಂಷಾಬಾದ್ ಏರ್‌ಪೋರ್ಟಿನಿಂದಲೇ ಮೇಲ್ ಹಾಕಿದೆ: ‘ಮೈ ಅಂಕಲ್ ಎಕ್ಸ್‌ಪೈರ್ಡ್’. ಮಧ್ಯಾಹ್ನ ಮೂರಕ್ಕೆ ಊರು ತಲುಪಿದಾಗ ನನಗಾಗಿ ಕಾಯುತ್ತಿದ್ದರು. ಅಪ್ಪ ದೊಡ್ಡಪ್ಪನ ತಲೆಯ ಬಳಿ ಕೂತಿದ್ದರು. ನನ್ನನ್ನು ಕಂಡವರೇ, “ಅಳ್ತಿದ್ದ ಅಂದ್ಯಲ್ಲೋ” ಎಂದರು. ಅದನ್ನು ಬಿಡಿಸಿ ಹೇಳುವ ಹೊತ್ತಲ್ಲ ಅದು.

ತಿಥಿ ಮುಗಿಸಿಕೊಂಡು ಅಪ್ಪನನ್ನು ಮೈಸೂರಿಗೆ ಕರೆದುಕೊಂಡು ಹೋದೆ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಎಲ್ಲರ ಬಾಯಲ್ಲಿ ಆಯಿಷ್, 1965ರಷ್ಟು ಹಳೆಯದು. ನಾನು ಎಂಎ ಓದುವಾಗ ಎಷ್ಟೋ ಸಲ ಅದರ ಮುಂದೆ ಸೈಕಲ್ಲಿನಲ್ಲಿ ಹೋಗಿದ್ದೇನೆ, ಒಳಗೆ ಹೋಗಿರಲಿಲ್ಲ. ಹೈದರಾಬಾದಿನ ಕಡೆ ಇರುವವರಿಗೆ ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ನಾನು ಮೈಸೂರನ್ನೇ ಆರಿಸಿದ್ದು ಕನ್ನಡಕ್ಕಾಗಿ. ಕಿವಿಯ ಪರೀಕ್ಷೆಯಲ್ಲಿ ಬರೀ ಕುಯ್ಯ್ ಎನ್ನುವ ಸದ್ದು ಕೇಳಿಸುವುದಷ್ಟೇ ಅಲ್ಲ, ಮಾತು ಎಷ್ಟು ತಿಳಿಯುತ್ತದೆ ಎಂದೂ ನೋಡುತ್ತಾರೆ. ಪದ ಹೇಳುತ್ತಾರೆ, ನಾವು ತಿರುಗಿ ಹೇಳಬೇಕು. ಅದಕ್ಕೆ ನಮ್ಮ ಭಾಷೆಯ ಪದಗಳೇ ಬೇಕು. ಕನ್ನಡಕ್ಕೆ ಅಂಥ ಪದಪಟ್ಟಿಗಳನ್ನು ಅಲ್ಲಿಯೇ ಸಿದ್ಧಪಡಿಸಿದ್ದಾರೆ.

ಪರೀಕ್ಷೆ ಮಾಡಿದ ಹುಡುಗಿ ಗ್ರಾಫ್ ತೋರಿಸಿದಳು. ಎಡಗಡೆ ಸಮತಟ್ಟು, ಬಲಗಡೆಗೆ ಹೋಗುತ್ತಾ ಘಾಟಿಯಂತೆ ಇಳಿಜಾರು. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಸದ್ದುಗಳನ್ನು. ಸ್ವರಗಳೆಲ್ಲ ದಪ್ಪ ದನಿಯವು, ಉಳಿದುಕೊಳ್ಳುತ್ತವೆ. ‘ಸ’ಕಾರ, ಇಂಗ್ಲಿಷಿನ ‘ಫ್’, ನಾಲಗೆ ಇಣುಕುವ ‘ತ್’ ಇವು ಬರೀ ತೆಳ್ಳನೆಯ ಗಾಳಿ, ಮೊದಲೇ ಹಾರಿಹೋಗುತ್ತವೆ. ಅದಕ್ಕೇ ಹಿರಿಯರು ‘ದನಿ ಕೇಳಿಸುತ್ತೆ, ಮಾತು ತಿಳಿಯಲ್ಲ’ ಎನ್ನುವುದು. ಅದು ಜಾಣಕಿವುಡಲ್ಲ. ಅದರ ಮೇಲೆ ಫೋನು ಬೇರೆ. ಹಳೆಯ ಕಾಲದಿಂದಲೂ ಫೋನಿನ ತಂತಿ 300ರಿಂದ 3,400 ಹರ್ಟ್ಸ್ ನಡುವಿನ ಸದ್ದನ್ನಷ್ಟೇ ದಾಟಿಸುತ್ತಾ ಬಂದಿದೆ. ‘ಸ’ಕಾರದ ಹೆಚ್ಚಿನ ಪಾಲು ಅದರಾಚೆ ಇರುತ್ತದೆ. ‘ಸತ್ತ’ ಎಂಬುದರಲ್ಲಿ ‘ಸ್’ ಹೋದರೆ ಉಳಿಯುವುದು ‘ಅತ್ತ’.

“ಕೂಗಿದ್ರೆ ಪ್ರಯೋಜನ ಇಲ್ಲ ಸರ್” ಎಂದಳು ಆ ಹುಡುಗಿ. ಕೂಗಿದರೆ ಸ್ವರಗಳು ಇನ್ನಷ್ಟು ದಪ್ಪವಾಗಿ ವ್ಯಂಜನಗಳನ್ನು ನುಂಗುತ್ತವೆ. ಎದುರಿಗೆ ಕೂತು, ಬೆಳಕು ನಮ್ಮ ಮುಖದ ಮೇಲೆ ಬೀಳುವಂತೆ, ನಿಧಾನವಾಗಿ, ಸಾಮಾನ್ಯ ದನಿಯಲ್ಲಿ ಹೇಳಬೇಕು. ತಿಳಿಯದಿದ್ದರೆ ಅದೇ ಪದವನ್ನು ಮತ್ತೆ ಮತ್ತೆ ಹೇಳದೆ ಬೇರೆ ಮಾತಿನಲ್ಲಿ ಹೇಳಬೇಕು. ನಾನು ಅಂದು ಬೇರೆ ಬೇರೆ ಮಾತಿನಲ್ಲೇ ಹೇಳಿದ್ದೆನಲ್ಲ ಎಂದುಕೊಂಡೆ. ಎಲ್ಲವೂ ಸುತ್ತುಬಳಸಿನ ಮಾತುಗಳಾಗಿದ್ದವು.

ಸಿಂಚುವಿನ ಕ್ಲಾಸಿಗೆ ಮರಳಿದಾಗ ಸಂತಾಪ ಹೇಳಿದರು. ಆಮೇಲೆ ಬಹಳ ಸಂಕೋಚದಿಂದ ಒಬ್ಬ ಕೇಳಿದ, “ಎಕ್ಸ್‌ಪೈರ್ಡ್ ಅಂದರೆ ಔಷಧಿಗೆ ಹೇಳುವುದಲ್ಲವೇ ಸರ್?” ಹೌದು, ಔಷಧಿಗೆ, ಪಾಸ್‌ಪೋರ್ಟಿಗೆ, ಮತ್ತು ಭಾರತದಲ್ಲಿ ಮನುಷ್ಯರಿಗೆ. ಹೊರಗಿನವರ ಜೊತೆ ‘ಪಾಸ್ಡ್ ಅವೇ’ ಎನ್ನಿ, ಮೇಷ್ಟ್ರು ತಪ್ಪು ಬರೆದಿದ್ದಾರೆ ಎಂದೆ. ಕಿವಿ ಕೇಳದವರಿಗೆ ಹೇಳುವಾಗ ಡೈಡ್ ಎಂದೇ ಹೇಳಿ ಎಂದೂ ಸೇರಿಸಿದೆ. ಯಾಕೆ ಎಂದರು. ಹೇಳಿದೆ, ಎಲ್ಲವನ್ನೂ, ‘ಅತ್ತ’ ಎಂಬುದರ ತನಕ. ಇಂಗ್ಲಿಷಿನಲ್ಲಿ ಅದನ್ನು ಹೇಳುವುದು ಸುಲಭವಾಗಿರಲಿಲ್ಲ. ‘ಡೈಡ್’ ಮತ್ತು ‘ಕ್ರೈಡ್’ ಎಂದು ಹೇಳಿದಾಗ ಅವರಿಗೆ ಅರ್ಥವಾಯಿತು. ಆಕಸ್ಮಿಕವಾಗಿ ಅಲ್ಲೂ ಪ್ರಾಸ ಕೂಡಿಬಂತು.

ತಾತನ ಮೊಮ್ಮಗಳು ಕ್ಲಾಸು ಮುಗಿದ ಮೇಲೆ ಉಳಿದುಕೊಂಡಳು. ತಾನು ತಾತನ ಅಂಗೈ ಮೇಲೆ ಬೆರಳಿನಿಂದ ಅಕ್ಷರ ಬರೆಯುತ್ತೇನೆ ಎಂದಳು. ಸದ್ದು ಒಂದೇ ಇದ್ದು ಅರ್ಥ ಬೇರೆಯಾದಾಗ ಅವರಲ್ಲಿ ಕಿವಿ ಚೆನ್ನಾಗಿರುವವರೂ ಹಾಗೆ ಅಂಗೈ ಮೇಲೆ ಬರೆದು ತೋರಿಸುವುದುಂಟಂತೆ. ತಾತನಿಗೆ ಕತ್ತಲಲ್ಲೂ ತಿಳಿಯುತ್ತದೆ, ಕರೆಂಟ್ ಹೋದರೂ ನಾವು ಮಾತಾಡುತ್ತೇವೆ ಎಂದಳು. ಅವಳ ‘ಡೆಫ್’ನ ‘ಫ್’ ಈಗ ಎಷ್ಟು ಉದ್ದವಾಗಿದೆಯೆಂದರೆ ಎದುರಿಗೆ ದೀಪವಿದ್ದರೆ ಆರಿಹೋದೀತು.

ದಸರಾ ರಜೆಗೆ ಊರಿಗೆ ಹೋದಾಗ ಪ್ರಯತ್ನಿಸಿದೆ. ಅಪ್ಪ ಕಿವಿಗೆ ಮೆಷಿನ್ ಹಾಕಿಸಿಕೊಂಡಿದ್ದಾರೆ, ಆದರೆ ಗಿಜಿಗಿಜಿ ಎನ್ನುತ್ತದೆ ಎಂದು ಗೂಡಿನಲ್ಲಿ ಇಡುವುದೇ ಹೆಚ್ಚು. ಸಂಜೆ ಜಗಲಿಯ ಮೇಲೆ ಕೂತಿದ್ದೆವು. ದೊಡ್ಡಪ್ಪನ ಮನೆಯ ಬಾಗಿಲು ಎದುರಿಗೇ ಕಾಣುತ್ತದೆ. ಅಪ್ಪನ ಅಂಗೈ ಹಿಡಿದುಕೊಂಡು, ಅವತ್ತು ದೊಡ್ಡಪ್ಪ ಅತ್ತಿರಲಿಲ್ಲ, ನಿದ್ದೆಯಲ್ಲೇ ಹೋದರು ಎಂದು ಬರೆಯಲು ಹೊರಟೆ. ಕನ್ನಡದ ಅಕ್ಷರ, ಕೊಂಬು, ಒತ್ತು, ದೀರ್ಘ. ‘ದೊ’ ಮುಗಿಸಿ ‘ಡ್ಡ’ಕ್ಕೆ ಬರುವಷ್ಟರಲ್ಲಿ ಅಪ್ಪ ನಕ್ಕು ಕೈ ಎಳೆದುಕೊಂಡರು.

“ಕಚಗುಳಿ ಆಗುತ್ತೆ ಕಣೋ. ಒಂದು ಸ್ಲೇಟ್ ತಂದುಬಿಡು.”

ಮರುದಿನ ಕೆ.ಆರ್. ನಗರದಿಂದ ಒಂದು ಸ್ಲೇಟು, ಒಂದು ಡಬ್ಬ ಬಳಪ ತಂದೆ. ಅವತ್ತು ಬರೆಯಬೇಕೆಂದಿದ್ದನ್ನು ಅದರ ಮೇಲೆ ಬರೆದೆ. ಅಪ್ಪ ಎರಡು ಸಲ ಓದಿದರು, ಪಂಚೆಯ ತುದಿಯಿಂದ ಒರೆಸಿದರು. “ಸರಿ” ಎಂದರು. ಈಗ ಸ್ಲೇಟು ಬಾಗಿಲ ಪಕ್ಕ ಮೊಳೆಗೆ ನೇತಾಡುತ್ತಿದೆ. ಭಾನುವಾರ ನಾನು ಪಕ್ಕದ ಮನೆಯ ಹುಡುಗಿಗೆ ಫೋನ್ ಮಾಡಿ ಹೇಳುತ್ತೇನೆ, ಅವಳು ಬರೆದು ತೋರಿಸುತ್ತಾಳೆ. ಉತ್ತರವನ್ನು ಅಪ್ಪ ಬಾಯಲ್ಲೇ ಹೇಳುತ್ತಾರೆ, ಎದುರುಮನೆಯವರಿಗೂ ಕೇಳುವಷ್ಟು ಜೋರಾಗಿ. ಹೋದ ವಾರ ಊಟ ಆಯ್ತಾ ಎಂದು ಬರೆಸಿದ್ದೆ.

“ಆಗ್ಲೇ ಆಯ್ತು. ಮೊಸರು ಹುಳಿ ಆಗಿತ್ತು” ಎಂದರು.